‘ಹೈಯೆಸ್ಟ್ ಪ್ಯಾಕೇಜ್’ ಬೇಡ, ಬ್ರಾಂಚ್‌ವಾರು ಲೆಕ್ಕ ಕೊಡಿ

ಮಾನ್ಯ ಸಂಪಾದಕರೇ,

ಸಿಇಟಿ ಫಲಿತಾಂಶ ಬಂತೆಂದರೆ ಪತ್ರಿಕೆ, ಬಸ್ಸು, ಹೆದ್ದಾರಿ ಫಲಕಗಳ ತುಂಬ ಎಂಜಿನಿಯರಿಂಗ್ ಕಾಲೇಜುಗಳ ಜಾಹೀರಾತು. ಎಲ್ಲದರಲ್ಲೂ ಎದ್ದು ಕಾಣುವುದು ಎರಡೇ ಅಂಕಿ: ಯಾರೋ ಒಬ್ಬ ವಿದ್ಯಾರ್ಥಿಗೆ ಸಿಕ್ಕ ಅತಿ ಹೆಚ್ಚಿನ ಪ್ಯಾಕೇಜು, ಮತ್ತು ‘ಶೇ 95 ಪ್ಲೇಸ್‌ಮೆಂಟ್’, ಅಂದರೆ ನೂರಕ್ಕೆ 95 ಮಂದಿಗೆ ಕೆಲಸ ಸಿಕ್ಕಿದೆ ಎಂಬ ಮಾತು. ಬೇಕಾದ ಕಾಲೇಜು, ಬ್ರಾಂಚುಗಳನ್ನು ಆದ್ಯತೆಯ ಕ್ರಮದಲ್ಲಿ ತುಂಬುವ ಆಪ್ಷನ್ ಎಂಟ್ರಿಗೆ ಸಿಗುವ ಕೆಲವೇ ದಿನಗಳಲ್ಲಿ ಸಾವಿರಾರು ಮನೆಗಳು ಈ ಎರಡು ಅಂಕಿಗಳನ್ನೇ ನಂಬಿ ಮಕ್ಕಳ ನಾಲ್ಕು ವರ್ಷವನ್ನು ತೀರ್ಮಾನಿಸುತ್ತವೆ. ಒಂದು ಬ್ರಾಂಚಿಗೆ, ಅಂದರೆ ಎಂಜಿನಿಯರಿಂಗಿನ ಒಂದು ವಿಭಾಗಕ್ಕೆ ಸೇರುವ ಸಾಧಾರಣ ವಿದ್ಯಾರ್ಥಿಗೆ ಕೊನೆಗೆ ಏನು ಸಿಗುತ್ತದೆ ಎಂಬುದನ್ನು ಇವೆರಡೂ ಹೇಳುವುದಿಲ್ಲ. ಅದನ್ನು ಹೇಳುವ ಲೆಕ್ಕ ಬೇರೆ ಇದೆ, ಮಾನ್ಯತೆ ಪಡೆದ ಪ್ರತಿ ಕಾಲೇಜಿನ ಕಡತದಲ್ಲೂ ಇದೆ. ಅದು ಹೊರಗೆ ಬರಬೇಕು, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆಪ್ಷನ್ ಎಂಟ್ರಿ ಪುಟದಲ್ಲೇ ಕಾಣಬೇಕು ಎಂದು ಒತ್ತಾಯಿಸಲು ಈ ಪತ್ರ.

ಮೊದಲು ಶೇಕಡಾವಾರು ಲೆಕ್ಕ ಹೇಗೆ ಹುಟ್ಟುತ್ತದೆ ನೋಡಿ. ಉದಾಹರಣೆಗೆ ಒಂದು ಬ್ರಾಂಚಿಗೆ ಮೊದಲ ವರ್ಷ 172 ಮಂದಿ ಸೇರಿದರು, ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ನೇರವಾಗಿ ಬಂದವರು 18 ಮಂದಿ, ಒಟ್ಟು 190 ಎಂದಿಟ್ಟುಕೊಳ್ಳೋಣ. ಇವರಲ್ಲಿ ನಿಗದಿತ ಅವಧಿಯಲ್ಲಿ ಪದವಿ ಮುಗಿಸಿದವರು 150. ಬ್ಯಾಕ್‌ಲಾಗ್, ಅಂದರೆ ಪಾಸಾಗದೆ ಬಾಕಿ ಉಳಿದ ವಿಷಯ ಇಲ್ಲದೆ, ಕಂಪನಿಗಳು ಕೇಳುವ ಅಂಕವೂ ಇದ್ದವರು 110. ಪ್ಲೇಸ್‌ಮೆಂಟ್ ವಿಭಾಗದಲ್ಲಿ ಹೆಸರು ನೋಂದಾಯಿಸಿದವರು 95. ಕೆಲಸ ಸಿಕ್ಕವರು 78. ಈಗ 78ನ್ನು 95ರಿಂದ ಭಾಗಿಸಿದರೆ ಶೇ 82. ಪದವಿ ಮುಗಿಸಿದ 150ರಿಂದ ಭಾಗಿಸಿದರೆ ಶೇ 52. ಸೇರಿದ 190ರಿಂದ ಭಾಗಿಸಿದರೆ ಶೇ 41. ಮೂರೂ ಸರಿಯಾದ ಗಣಿತವೇ. ಆದರೆ ಇವತ್ತು ಸೀಟು ಹಿಡಿಯಲು ಹೊರಟ ಹುಡುಗಿ ನಿಂತಿರುವುದು ಆ 190ರ ಸಾಲಿನಲ್ಲಿ, 95ರ ಸಾಲಿನಲ್ಲಲ್ಲ. ಜಾಹೀರಾತಿನಲ್ಲಿ ಅಚ್ಚಾಗುವುದು ಮಾತ್ರ ಶೇ 82.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘120 ಆಫರ್’ ಎಂದು ಹಾಕುವುದೂ ಉಂಟು. ಒಬ್ಬನೇ ವಿದ್ಯಾರ್ಥಿಗೆ ಮೂರು ಕಂಪನಿಗಳ ಆಫರ್ ಸಿಕ್ಕಿದರೆ ಅದು ಮೂರು ಎಂದೇ ಲೆಕ್ಕ. ಆದ್ದರಿಂದ ಕಾಲೇಜಿನಲ್ಲಿ ಕೇಳಬೇಕಾದ್ದು ‘ಎಷ್ಟು ಆಫರ್’ ಎಂದಲ್ಲ, ‘ಎಷ್ಟು ವಿದ್ಯಾರ್ಥಿಗಳು’ ಎಂದು. ನೋಂದಣಿಯ ವಿಷಯವನ್ನೂ ಬಿಡಿಸಿ ಕೇಳಿ. ನೋಂದಾಯಿಸದವರೆಲ್ಲ ಉನ್ನತ ಓದಿಗೆ ಹೋದವರಲ್ಲ. ಅಂಕ ಸಾಲದೆ, ಬ್ಯಾಕ್‌ಲಾಗ್ ಉಳಿದು, ನೋಂದಾಯಿಸಲು ಅವಕಾಶವೇ ಸಿಗದವರು ಅವರಲ್ಲಿ ಬಹಳ ಮಂದಿ ಇರುತ್ತಾರೆ.

ಸಂಬಳದ ಅಂಕಿಯಲ್ಲಿ ಇನ್ನೂ ದೊಡ್ಡ ಗೊಂದಲವಿದೆ. ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ವರ್ಷಕ್ಕೆ 4 ಲಕ್ಷ, ಒಬ್ಬನಿಗೆ 44 ಲಕ್ಷ ಸಿಕ್ಕಿತೆನ್ನಿ. ಸರಾಸರಿ 8 ಲಕ್ಷ ಬರುತ್ತದೆ. ಅಷ್ಟು ಸಂಬಳ ಪಡೆಯುವವರು ಆ ಹತ್ತು ಮಂದಿಯಲ್ಲಿ ಒಬ್ಬರೂ ಇಲ್ಲ. ಎಲ್ಲರ ಸಂಬಳವನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರೆದು ನಡುವಿನದನ್ನು ತೆಗೆದುಕೊಂಡರೆ ಅದು ಮಧ್ಯಾಂಕ, ಇಲ್ಲಿ 4 ಲಕ್ಷ. ಹೈಸ್ಕೂಲಿನ ಗಣಿತದಲ್ಲೇ ಕಲಿತ ಈ ಮಧ್ಯಾಂಕವೇ ಪೋಷಕರು ಕೇಳಬೇಕಾದ ಅಂಕಿ. ಅದನ್ನೂ ಇಡೀ ಕಾಲೇಜಿನದಲ್ಲ, ಬ್ರಾಂಚಿನದು.

ಆ 8 ಲಕ್ಷವನ್ನೇ ಪ್ಯಾಕೇಜ್ ಎಂದುಕೊಂಡರೂ ಅದಷ್ಟೂ ಕೈಗೆ ಬರುವ ಹಣವಲ್ಲ. ಕಂಪನಿ ಹೇಳುವುದು ತನಗೆ ತಗಲುವ ಒಟ್ಟು ವೆಚ್ಚವನ್ನು, ಅಂದರೆ ಸಿಟಿಸಿಯನ್ನು. ಮೂಲ ವೇತನ ಅದರ ಅರ್ಧ, ಅಂದರೆ 4 ಲಕ್ಷ ಎಂದಾದರೆ ಅದರ ಶೇ 12ರಂತೆ ಕಂಪನಿಯ ಪಾಲಿನ ಪಿಎಫ್ 48,000, ಗ್ರಾಚ್ಯುಟಿಗೆಂದು ಶೇ 4.81ರಂತೆ 19,240, ಸೇರುವಾಗ ಒಂದೇ ಸಲ ಕೊಡುವ ಬೋನಸ್ 1 ಲಕ್ಷ, ಕೆಲಸದ ಮೌಲ್ಯಮಾಪನ ನೋಡಿ ಕೊಡುವ ಮೊತ್ತ 80,000, ವಿಮೆಗೆ 12,000 ಎಂದು ಕಳೆಯುತ್ತಾ ಬಂದರೆ ಉಳಿಯುವುದು 5,40,760. ತಿಂಗಳಿಗೆ 45 ಸಾವಿರ. ಅದರಲ್ಲಿ ನೌಕರರ ಪಾಲಿನ ಪಿಎಫ್ 4,000, ವೃತ್ತಿ ತೆರಿಗೆ 200 ಹೋದರೆ ಬ್ಯಾಂಕ್ ಖಾತೆಗೆ ಬೀಳುವುದು 41 ಸಾವಿರಕ್ಕೂ ತುಸು ಕಡಿಮೆ. ಕೆಲವು ಕಂಪನಿಗಳು ಪಿಎಫ್ ಅನ್ನು ತಿಂಗಳಿಗೆ 1,800 ರೂಪಾಯಿಗೆ ಮಿತಿಗೊಳಿಸುವುದರಿಂದ ಈ ಲೆಕ್ಕ ಅತ್ತಿತ್ತ ಆಗುತ್ತದೆ. ನಾಲ್ಕು ವರ್ಷಗಳಲ್ಲಿ ಹಂಚಿ ಸಿಗುವ ಷೇರುಗಳ ಬೆಲೆಯನ್ನೂ ಒಂದೇ ವರ್ಷದ ಪ್ಯಾಕೇಜಿಗೆ ಸೇರಿಸಿ ಹೇಳುವ ಕಾಲೇಜುಗಳಿವೆ. ಜಾಹೀರಾತಿನಲ್ಲಿ ಕಣ್ಣು ಕುಕ್ಕುವ ಭಾರಿ ಅಂಕಿಗಳಲ್ಲಿ ಇಂಥ ಷೇರಿನ ಪಾಲು ದೊಡ್ಡದೇ ಇರುತ್ತದೆ.

ಆಫರ್ ಪತ್ರ ಸಿಕ್ಕ ಮಾತ್ರಕ್ಕೆ ಕೆಲಸ ಸಿಕ್ಕಂತಲ್ಲ ಎಂಬುದನ್ನು 2022ರ ಬ್ಯಾಚಿನವರನ್ನು ಕೇಳಿದರೆ ಹೇಳುತ್ತಾರೆ. ಆಗ ಐಟಿ ಸೇವಾ ಕಂಪನಿಗಳ ಆಫರ್ ಪತ್ರ ಕೈಯಲ್ಲಿದ್ದರೂ ಕೆಲಸಕ್ಕೆ ಸೇರಿಸಿಕೊಳ್ಳುವ ದಿನಾಂಕಕ್ಕೆ ಬಹಳಷ್ಟು ಮಂದಿ ತಿಂಗಳುಗಟ್ಟಲೆ ಕಾದರು. ಕಾಲೇಜಿನ ಲೆಕ್ಕದಲ್ಲಿ ಅವರೆಲ್ಲ ಆ ವರ್ಷವೇ ‘ಪ್ಲೇಸ್ಡ್’. ಹಾಗಾಗಿ ಎಷ್ಟು ಮಂದಿಗೆ ಆಫರ್ ಬಂತು ಎಂದು ಕೇಳಿದ ಮೇಲೆ, ಪದವಿ ಮುಗಿದ ಆರು ತಿಂಗಳೊಳಗೆ ಎಷ್ಟು ಮಂದಿ ಕೆಲಸಕ್ಕೆ ಸೇರಿದರು ಎಂದೂ ಕೇಳಬೇಕು. ಇಂಟರ್ನ್‌ಶಿಪ್ ಮುಗಿದ ಮೇಲೆ ನೋಡಿಕೊಂಡು ಕೆಲಸ ಕೊಡುತ್ತೇವೆ ಎಂಬ ಷರತ್ತಿನ ಆಫರ್‌ಗಳು ಎಷ್ಟು, ಅವುಗಳಲ್ಲಿ ಕಾಯಂ ಆದವು ಎಷ್ಟು? ತರಬೇತಿಗೆಂದು ವಿದ್ಯಾರ್ಥಿಯಿಂದಲೇ ಹಣ ಕಟ್ಟಿಸಿಕೊಳ್ಳುವ ಸಂಸ್ಥೆಗಳ ಹೆಸರೂ ‘ನೇಮಕ ಮಾಡಿಕೊಂಡ ಕಂಪನಿಗಳ’ ಪಟ್ಟಿಯಲ್ಲಿ ಇದೆಯೇ? ಇಷ್ಟು ವರ್ಷ ಬಿಟ್ಟುಹೋಗಬಾರದು ಎಂಬ ಬಾಂಡ್ ಇದ್ದರೆ ಅದರ ಮೊತ್ತ ಎಷ್ಟು? ಪ್ಲೇಸ್‌ಮೆಂಟ್ ಅಧಿಕಾರಿಗೆ ಇವೆಲ್ಲ ಗೊತ್ತಿರುವ ಸಂಗತಿಗಳೇ. ಕೇಳುವವರು ಕಡಿಮೆ, ಹಾಗಾಗಿ ಹೇಳುವವರೂ ಕಡಿಮೆ.

ಇಷ್ಟೆಲ್ಲ ಲೆಕ್ಕ ಎಲ್ಲಿ ಸಿಗಬೇಕು ಎಂದು ಓದುಗರು ಕೇಳಬಹುದು. ಅರ್ಧದಷ್ಟು ಈಗಾಗಲೇ ಬಯಲಿನಲ್ಲಿದೆ. ಕೇಂದ್ರ ಶಿಕ್ಷಣ ಸಚಿವಾಲಯ 2015ರಲ್ಲಿ ಆರಂಭಿಸಿ 2016ರಿಂದ ಪ್ರಕಟಿಸುತ್ತಿರುವ ಎನ್‌ಐಆರ್‌ಎಫ್ ರ್‍ಯಾಂಕಿಂಗ್‌ಗಾಗಿ ಕಾಲೇಜುಗಳು ತಮ್ಮ ಮಾಹಿತಿಯನ್ನು ಸಲ್ಲಿಸುತ್ತವೆ. ಆ ದಾಖಲೆಯನ್ನು ಕಾಲೇಜಿನ ಜಾಲತಾಣದಲ್ಲೇ ಹುಡುಕಬಹುದು. ಅದರಲ್ಲಿ ನಾಲ್ಕು ವರ್ಷದ ಪದವಿಯ ಕೋಷ್ಟಕ ತೆಗೆದು ನೋಡಿ. ಮಂಜೂರಾದ ಸೀಟು, ಸೇರಿದವರು, ನೇರವಾಗಿ ಎರಡನೇ ವರ್ಷಕ್ಕೆ ಬಂದವರು, ನಿಗದಿತ ಅವಧಿಯಲ್ಲಿ ಮುಗಿಸಿದವರು, ಕೆಲಸ ಸಿಕ್ಕವರು, ಅವರ ಸಂಬಳದ ಮಧ್ಯಾಂಕ, ಉನ್ನತ ಶಿಕ್ಷಣಕ್ಕೆ ಹೋದವರು ಎಲ್ಲವೂ ಒಂದೇ ಸಾಲಿನಲ್ಲಿ, ಮೂರು ವರ್ಷದ್ದು ಸಿಗುತ್ತದೆ. ಕಾಲೇಜಿಗೆ ನೂರರೊಳಗೆ ರ್‍ಯಾಂಕ್ ಸಿಗದಿದ್ದರೂ ಅದು ಸಲ್ಲಿಸಿದ ದಾಖಲೆ ಇರುತ್ತದೆ. ಜಾಹೀರಾತಿನ ಅಂಕಿಯನ್ನೂ ಈ ಸಾಲನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು, ಹಲವು ಕಾಲೇಜುಗಳ ವಿಷಯದಲ್ಲಿ ಬೇರೆ ವಿವರಣೆಯೇ ಬೇಡ. ಇದರ ಕೊರತೆ ಎರಡು: ಮಾಹಿತಿ ಕೊಡುವುದು ಕಾಲೇಜೇ, ಮತ್ತು ಎಲ್ಲ ಬ್ರಾಂಚುಗಳನ್ನೂ ಒಟ್ಟು ಸೇರಿಸಿ ಕೊಡುತ್ತದೆ. ಕಂಪ್ಯೂಟರ್ ಸೈನ್ಸಿನ ಫಲಿತಾಂಶದ ನೆರಳಿನಲ್ಲಿ ಸಿವಿಲ್ ಮತ್ತು ಮೆಕ್ಯಾನಿಕಲ್ ವಿಭಾಗಗಳ ಸ್ಥಿತಿ ಮರೆಯಾಗಿಬಿಡುತ್ತದೆ.

ಬ್ರಾಂಚ್‌ವಾರು ಲೆಕ್ಕ ಇರುವುದು ರಾಷ್ಟ್ರೀಯ ಮಾನ್ಯತಾ ಮಂಡಳಿಗೆ, ಅಂದರೆ ಎನ್‌ಬಿಎಗೆ ಸಲ್ಲಿಸುವ ಸ್ವಯಂ ಮೌಲ್ಯಮಾಪನ ವರದಿಯಲ್ಲಿ. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಮಾನ್ಯತೆ ಕೊಡುವುದು ಇಡೀ ಸಂಸ್ಥೆಗೆ. ಎನ್‌ಬಿಎ ಮಾನ್ಯತೆ ಕೊಡುವುದು ಒಂದೊಂದು ಬ್ರಾಂಚಿಗೆ, ಅದೂ ಇಷ್ಟು ವರ್ಷಕ್ಕೆ ಎಂದು. ಒಂದೇ ಕಾಲೇಜಿನ ಎಲೆಕ್ಟ್ರಾನಿಕ್ಸಿಗೆ ಮಾನ್ಯತೆ ಇದ್ದು ಹೊಸದಾಗಿ ತೆರೆದ ಬ್ರಾಂಚಿಗೆ ಇಲ್ಲದಿರಬಹುದು. ಆದ್ದರಿಂದ ದ್ವಾರದ ಮೇಲೆ ‘ಎನ್‌ಬಿಎ ಮಾನ್ಯತೆ ಪಡೆದ’ ಎಂದು ಬರೆದಿದ್ದರೆ ಸಾಲದು, ಯಾವ ಬ್ರಾಂಚಿಗೆ, ಯಾವ ವರ್ಷದವರೆಗೆ ಎಂಬುದನ್ನು ಮಂಡಳಿಯ ಜಾಲತಾಣದಲ್ಲೇ ನೋಡಬೇಕು. ಆ ವರದಿಯಲ್ಲಿ ವಿದ್ಯಾರ್ಥಿಗಳ ಸಾಧನೆ ಎಂಬ ಭಾಗವಿದೆ. ಎಷ್ಟು ಮಂದಿ ಯಾವ ಸೆಮಿಸ್ಟರಿನಲ್ಲೂ ಬ್ಯಾಕ್‌ಲಾಗ್ ಇಲ್ಲದೆ ನಾಲ್ಕು ವರ್ಷದಲ್ಲಿ ಮುಗಿಸಿದರು, ಎಷ್ಟು ಮಂದಿ ಬ್ಯಾಕ್‌ಲಾಗ್ ಇದ್ದರೂ ಅಷ್ಟರೊಳಗೆ ಮುಗಿಸಿದರು, ಕೆಲಸಕ್ಕೆ ಹೋದವರು, ಉನ್ನತ ಓದಿಗೆ ಹೋದವರು, ಸ್ವಂತ ಉದ್ಯಮ ಆರಂಭಿಸಿದವರು ಎಷ್ಟು ಎಂದು ಹಲವು ವರ್ಷಗಳ ಲೆಕ್ಕ ಕೊಡಬೇಕು. ಕೊನೆಯ ಮೂರನ್ನು ಕೂಡಿ ಅಂತಿಮ ವರ್ಷದ ಒಟ್ಟು ವಿದ್ಯಾರ್ಥಿಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ‘ನೋಂದಾಯಿಸಿದವರು’ ಎಂಬ ಜಾಣತನಕ್ಕೆ ಅಲ್ಲಿ ಜಾಗವಿಲ್ಲ. ಪರಿಶೀಲನಾ ತಂಡದ ಮುಂದೆ ಆಫರ್ ಪತ್ರದ ಪ್ರತಿಗಳನ್ನೂ ಇಡಬೇಕಾಗುತ್ತದೆ. ಹೀಗೆ ಮಂಡಳಿಗೆ ಒಪ್ಪಿಸುವ ಲೆಕ್ಕವನ್ನೇ ಪೋಷಕರಿಗೂ ತೋರಿಸಲು ಕಾಲೇಜುಗಳಿಗೆ ಏನು ಅಡ್ಡಿ?

ಕಾಲೇಜಿನ ಆಯ್ಕೆ ಉದ್ಯೋಗವನ್ನು ನಿಜವಾಗಿ ಮುಟ್ಟುವುದು ಎಲ್ಲಿ ಎಂಬುದನ್ನೂ ಸ್ಪಷ್ಟ ಮಾಡಿಕೊಳ್ಳಬೇಕು. ಮೊದಲನೆಯದು, ಯಾವ ಕಂಪನಿ ಕ್ಯಾಂಪಸ್ಸಿನ ಬಾಗಿಲಿಗೆ ಬರುತ್ತದೆ ಎಂಬುದು. ಸಾಫ್ಟ್‌ವೇರ್ ಉತ್ಪನ್ನ ತಯಾರಿಸುವ ಕಂಪನಿಗಳು, ಚಿಪ್ ವಿನ್ಯಾಸದ ಕಂಪನಿಗಳು, ವಾಹನ ಮತ್ತು ಯಂತ್ರೋಪಕರಣ ತಯಾರಕರು ಆಯ್ದ ಕೆಲವೇ ಕಾಲೇಜುಗಳಿಗೆ ಹೋಗುತ್ತಾರೆ. ಅಲ್ಲಿ ಹಿಂದೆ ತೆಗೆದುಕೊಂಡವರು ಕೆಲಸದಲ್ಲಿ ಹೇಗಿದ್ದಾರೆ ಎಂಬುದೇ ಅವರ ಅಳತೆಗೋಲು. 1917ರ ಯುವಿಸಿಇ, 1946ರ ಬಿಎಂಎಸ್ ಮತ್ತು ಮೈಸೂರಿನ ಎನ್‌ಐಇ, 1960ರಲ್ಲಿ ಕೆಆರ್‌ಇಸಿಯಾಗಿ ಶುರುವಾದ ಸುರತ್ಕಲ್‌ನ ಎನ್‌ಐಟಿಕೆಯಂಥ ಹಳೆಯ ಸಂಸ್ಥೆಗಳ ಬಲ ಇರುವುದು ಇಲ್ಲಿಯೇ. ಕಂಪನಿಗಳ ಒಳಗೆ ಅವುಗಳ ಹಳೆಯ ವಿದ್ಯಾರ್ಥಿಗಳು ಎಲ್ಲ ಹಂತದಲ್ಲೂ ಇದ್ದಾರೆ. ಒಬ್ಬ ಸೀನಿಯರ್ ಶಿಫಾರಸು ಮಾಡಿದ ರೆಸ್ಯೂಮೆ ನೇರವಾಗಿ ನೇಮಕ ಮಾಡುವವರ ಮೇಜಿಗೆ ಹೋಗುತ್ತದೆ, ಜಾಲತಾಣದಲ್ಲಿ ಹಾಕಿದ ಅರ್ಜಿ ಸಾವಿರಾರು ಅರ್ಜಿಗಳ ನಡುವೆ ನಿಲ್ಲುತ್ತದೆ.

ಎರಡನೆಯದು ಅಷ್ಟಾಗಿ ಮಾತಿಗೆ ಬರುವುದಿಲ್ಲ, ಆದರೆ ಹೆಚ್ಚು ಮಕ್ಕಳನ್ನು ಹಿಂದಕ್ಕೆ ಹಾಕುವುದು ಅದೇ: ಸಾಲುಸಾಲು ಅರ್ಹತಾ ಷರತ್ತುಗಳು. ಎಸ್ಸೆಸ್ಸೆಲ್ಸಿ, ಪಿಯುಸಿ, ಬಿಇ ಮೂರರಲ್ಲೂ ಶೇ 60, ಬಾಕಿ ಉಳಿದ ವಿಷಯ ಇರಬಾರದು ಎಂಬುದು ಬಹಳ ಕಂಪನಿಗಳ ಮೊದಲ ಜರಡಿ. ಕೆಲವು ಕಡೆ ಇದು ಶೇ 70ಕ್ಕೂ ಏರುತ್ತದೆ. ಆರನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೇ ನೇಮಕ ಶುರುವಾಗುವುದರಿಂದ ಕಂಪನಿ ನೋಡುವುದು ಅಲ್ಲಿಯವರೆಗಿನ ಸಿಜಿಪಿಎಯನ್ನು, ಅಂದರೆ ಎಲ್ಲ ಸೆಮಿಸ್ಟರುಗಳ ಅಂಕದ ಸರಾಸರಿಯನ್ನು ಮಾತ್ರ. ಏಳು ಮತ್ತು ಎಂಟನೇ ಸೆಮಿಸ್ಟರಿನಲ್ಲಿ ಸುಧಾರಿಸಿಕೊಳ್ಳುತ್ತೇನೆ ಎಂದುಕೊಂಡವರಿಗೆ ಆಗಲೇ ತಡವಾಗಿರುತ್ತದೆ. ಮೊದಲ ವರ್ಷದ ಗಣಿತದಲ್ಲಿ ಬಿದ್ದ ಒಂದು ವಿಷಯ ಮೂರನೇ ವರ್ಷದವರೆಗೂ ಹೊರೆಯಾಗಿ ಉಳಿದು, ಪ್ರೋಗ್ರಾಮಿಂಗ್ ಚೆನ್ನಾಗಿ ಬಲ್ಲ ಹುಡುಗನನ್ನೂ ಕಂಪನಿಯ ಪರೀಕ್ಷೆಗೇ ಕೂರಿಸದಂತೆ ಮಾಡುತ್ತದೆ. ಮೊದಲ ಎರಡು ಸೆಮಿಸ್ಟರುಗಳಲ್ಲಿ, ಅದರಲ್ಲೂ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ, ಕಾಲೇಜು ಎಷ್ಟು ಕೈಹಿಡಿದು ಕಲಿಸುತ್ತದೆ ಎಂಬುದರ ಮೇಲೆ ಇದು ನಿಂತಿದೆ. ಬ್ಯಾಕ್‌ಲಾಗ್ ಇಲ್ಲದೆ ಮುಗಿಸಿದವರ ಪ್ರಮಾಣವನ್ನು ಪ್ಲೇಸ್‌ಮೆಂಟ್ ಪ್ರಮಾಣಕ್ಕಿಂತ ಮೊದಲು ನೋಡಿ ಎಂದು ಹೇಳಲು ಕಾರಣ ಇದೇ.

ಕಾಲೇಜಿನ ಹೆಸರಿಗೆ ಬೆಲೆಯೇ ಇಲ್ಲದ ದಾರಿಗಳೂ ಇವೆ. ಗೇಟ್ ಪರೀಕ್ಷೆಯನ್ನು ಮೂರನೇ ವರ್ಷದಲ್ಲೇ ಬರೆಯಬಹುದು, ಅದರ ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಐಐಟಿ, ಎನ್‌ಐಟಿಗಳ ಎಂ.ಟೆಕ್ ಸೀಟಿಗೆ ಅದೇ ಮುಖ್ಯ ದಾರಿ, ಸಾರ್ವಜನಿಕ ವಲಯದ ಹಲವು ಉದ್ದಿಮೆಗಳೂ ಅದನ್ನು ನೋಡಿ ನೇಮಕ ಮಾಡಿಕೊಳ್ಳುತ್ತವೆ. ಕೆಪಿಎಸ್‌ಸಿ, ಯುಪಿಎಸ್‌ಸಿಯ ಎಂಜಿನಿಯರಿಂಗ್ ಸೇವೆಗಳು, ಬ್ಯಾಂಕ್ ನೇಮಕಾತಿ ಎಲ್ಲಕ್ಕೂ ಮಾನ್ಯತೆ ಪಡೆದ ಪದವಿ ಇದ್ದರೆ ಸಾಕು. ಟಿಸಿಎಸ್‌ನ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಂಥ ಮುಕ್ತ ಪರೀಕ್ಷೆಗಳು ಕ್ಯಾಂಪಸ್ಸಿಗೆ ಯಾವ ಕಂಪನಿಯೂ ಬಾರದ ಕಾಲೇಜಿನವರಿಗೂ ತೆರೆದಿವೆ. ಮೂರು ನಾಲ್ಕು ವರ್ಷ ಕೆಲಸ ಮಾಡಿದ ಮೇಲೆ ಸಂದರ್ಶನದಲ್ಲಿ ಕೇಳುವುದು ಏನು ಮಾಡಿದ್ದೀರಿ ಎಂದು, ಕಾಲೇಜಿನ ಹೆಸರು ರೆಸ್ಯೂಮೆಯ ಕೊನೆಗೆ ಇಳಿದಿರುತ್ತದೆ.

ಅಮೆರಿಕದ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಬಹಳ ಮುಖ್ಯವಾದುದು. ಪ್ರತಿಷ್ಠಿತ ಕಾಲೇಜಿನಲ್ಲಿ ಸೀಟು ಸಿಕ್ಕಿಯೂ ಅಲ್ಲಿಗೆ ಹೋಗದೆ ಸಾಧಾರಣ ಕಾಲೇಜಿಗೆ ಸೇರಿದವರನ್ನೂ, ಅಲ್ಲಿಗೇ ಹೋದವರನ್ನೂ ಅವರು ಹೋಲಿಸಿದರು. ಮುಂದಿನ ಗಳಿಕೆಯಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ದೊಡ್ಡ ಕಾಲೇಜಿನ ಫಲಿತಾಂಶ ಎಂದು ನಾವು ಅಂದುಕೊಂಡದ್ದರಲ್ಲಿ ಬಹುಪಾಲು ಆ ವಿದ್ಯಾರ್ಥಿಗಳದ್ದೇ ಸಾಮರ್ಥ್ಯ ಎಂದಾಯಿತು. ಆದರೆ ಒಂದು ಗುಂಪಿಗೆ ಮಾತ್ರ ಕಾಲೇಜು ನಿಜಕ್ಕೂ ವ್ಯತ್ಯಾಸ ಮಾಡಿತ್ತು: ಬಡ ಕುಟುಂಬಗಳಿಂದ ಬಂದವರಿಗೆ. ಇದರಲ್ಲಿ ಆಶ್ಚರ್ಯವೇನಿಲ್ಲ. ಮನೆಯಲ್ಲೇ ಎಂಜಿನಿಯರುಗಳಿರುವ ಮಗುವಿಗೆ ಇಂಟರ್ನ್‌ಶಿಪ್ ಎಲ್ಲಿ ಹುಡುಕಬೇಕು, ರೆಸ್ಯೂಮೆಯಲ್ಲಿ ಏನು ಬರೆಯಬೇಕು ಎಂದು ಹೇಳುವವರು ಮನೆಯಲ್ಲೇ ಇದ್ದಾರೆ. ಮನೆತನದಲ್ಲೇ ಮೊದಲ ಬಾರಿಗೆ ಪದವಿಗೆ ಕಾಲಿಟ್ಟವಳಿಗೆ ಅದನ್ನೆಲ್ಲ ಕಾಲೇಜೇ ಕೊಡಬೇಕು. ಅಮೆರಿಕದ ಮಾತು ನಮಗೆ ಹಾಗೇ ಅನ್ವಯಿಸದು ಎಂದರೂ, ಸರಿಯಾದ ಮಾಹಿತಿ ಇಲ್ಲದೆ ಅತಿ ಹೆಚ್ಚು ಕಳೆದುಕೊಳ್ಳುವವರು ಯಾರು ಎಂಬುದು ಇದರಿಂದ ತಿಳಿಯುತ್ತದೆ.

ಕಾಲೇಜು ಮುಖ್ಯವೋ ಬ್ರಾಂಚು ಮುಖ್ಯವೋ ಎಂಬ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಇದಕ್ಕೆ ಒಂದೇ ಸಾಲಿನ ಉತ್ತರವಿಲ್ಲ, ಆದರೆ ನೋಡುವ ಕ್ರಮವಿದೆ. ಒಳ್ಳೆಯ ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗೆ ಹೆಚ್ಚಿನ ಸಾಫ್ಟ್‌ವೇರ್ ನೇಮಕಗಳಲ್ಲೂ ಕೂರಲು ಅವಕಾಶವಿರುತ್ತದೆ, ಜೊತೆಗೆ ಚಿಪ್ ಮತ್ತು ಎಂಬೆಡೆಡ್ ಕ್ಷೇತ್ರದ ಕಂಪನಿಗಳೂ ಇವೆ. ಹೀಗಿರುವಾಗ ಬೋಧಕರೇ ಸಾಲದ ಕಾಲೇಜಿನ ಕಂಪ್ಯೂಟರ್ ಸೈನ್ಸಿಗಾಗಿ ಅದನ್ನು ಬಿಡುವುದು ನನ್ನ ದೃಷ್ಟಿಯಲ್ಲಿ ತಪ್ಪು ಲೆಕ್ಕ. ಸಿವಿಲ್, ಮೆಕ್ಯಾನಿಕಲ್ ವಿಷಯ ಹಾಗಲ್ಲ. ‘ಎಲ್ಲ ಬ್ರಾಂಚಿಗೂ ಅವಕಾಶ’ ಎಂದ ಕಂಪನಿಗಳು ಎಷ್ಟು, ‘ಕಂಪ್ಯೂಟರ್, ಎಲೆಕ್ಟ್ರಾನಿಕ್ಸ್ ಮಾತ್ರ’ ಎಂದವು ಎಷ್ಟು ಎಂಬ ಕಳೆದ ವರ್ಷದ ಪಟ್ಟಿಯನ್ನು ಕೇಳಿ ಪಡೆದೇ ತೀರ್ಮಾನಿಸಬೇಕು. ಆ ವಿಷಯದಲ್ಲೇ ಆಸಕ್ತಿಯಿದ್ದು ಗೇಟ್ ಅಥವಾ ಸರ್ಕಾರಿ ಎಂಜಿನಿಯರ್ ಹುದ್ದೆಯ ಗುರಿ ಇಟ್ಟುಕೊಂಡವರಿಗೆ ಅದೇ ಬ್ರಾಂಚು ಉತ್ತಮ.

ಹೊಸ ಬ್ರಾಂಚುಗಳ ಬಗ್ಗೆ ಹೆಚ್ಚಿನ ಎಚ್ಚರ ಬೇಕು. ಉತ್ತಮ ಸಾಧನೆ ಇರುವ ಕಾಲೇಜುಗಳಿಗೆ ಒಂದು ಬ್ರಾಂಚಿನಲ್ಲಿ ಇಷ್ಟೇ ಸೀಟು ಎಂಬ ಮಿತಿಯನ್ನು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ನಿಯಂತ್ರಣ ಸಂಸ್ಥೆಯಾದ ಎಐಸಿಟಿಇ 2024–25ರಿಂದ ಸಡಿಲಿಸಿದ ಮೇಲೆ ಕಂಪ್ಯೂಟರ್ ಸೈನ್ಸ್ ಮತ್ತು ಅದರ ಉಪಶಾಖೆಗಳ ಸೀಟು ಬಹಳ ಹೆಚ್ಚಿತು. ಕೃತಕ ಬುದ್ಧಿಮತ್ತೆ, ಡೇಟಾ ಸೈನ್ಸ್, ಸೈಬರ್ ಭದ್ರತೆ ಎಂದು ಹೆಸರು ಬೇರೆಬೇರೆ ಇದ್ದರೂ ಕಲಿಸುವವರು ಬಹಳ ಕಡೆ ಅದೇ ಹಳೆಯ ವಿಭಾಗದವರು. 20 ವಿದ್ಯಾರ್ಥಿಗಳಿಗೆ ಒಬ್ಬ ಬೋಧಕ ಇರಬೇಕೆಂಬುದು ಎಐಸಿಟಿಇ ಮಾನದಂಡ. 240 ಸೀಟಿನ ಬ್ರಾಂಚಿನ ನಾಲ್ಕೂ ವರ್ಷ ತುಂಬಿದಾಗ 960 ವಿದ್ಯಾರ್ಥಿಗಳು, ಅಂದರೆ 48 ಬೋಧಕರು. ಕಾಲೇಜಿನ ಜಾಲತಾಣದಲ್ಲಿ ಆ ವಿಭಾಗದ ಬೋಧಕರ ಪಟ್ಟಿ ತೆಗೆದು ಎಣಿಸಿ, ಒಂದೇ ಹೆಸರು ಎರಡು ವಿಭಾಗಗಳಲ್ಲಿ ಇದೆಯೇ ನೋಡಿ. ಹೊಸ ಬ್ರಾಂಚಿನಿಂದ ಒಂದು ಬ್ಯಾಚೂ ಹೊರಬಂದಿಲ್ಲ ಎಂದಾದರೆ ಅದಕ್ಕೆ ಪ್ಲೇಸ್‌ಮೆಂಟ್ ಅಂಕಿ ಇರಲು ಸಾಧ್ಯವೇ ಇಲ್ಲ. ತೋರಿಸುತ್ತಿರುವುದು ಬೇರೆ ಬ್ರಾಂಚಿನದು.

ಪಟ್ಟಿ ಅಂತಿಮ ಮಾಡುವ ಮುನ್ನ ಸಾಧ್ಯವಾದರೆ ಎರಡು ಮೂರು ಕಾಲೇಜುಗಳಿಗೆ ಹೋಗಿ ಬರಬೇಕು. ಪ್ರವೇಶ ವಿಭಾಗದ ಹವಾನಿಯಂತ್ರಿತ ಕೊಠಡಿಯಲ್ಲಿ ಕುಳಿತು ಬಂದರೆ ಪ್ರಯೋಜನವಿಲ್ಲ. ಕೆಲಸದ ದಿನ ಮಧ್ಯಾಹ್ನ ಮೂರರ ಮೇಲೆ ಹೋಗಿ ಪ್ರಯೋಗಾಲಯದ ಬಾಗಿಲಲ್ಲಿ ನಿಂತು ನೋಡಿ: ಒಂದು ಉಪಕರಣಕ್ಕೆ ಇಬ್ಬರು ಕುಳಿತಿದ್ದಾರೋ ಆರು ಮಂದಿ ಸುತ್ತ ನಿಂತಿದ್ದಾರೋ, ಕಂಪ್ಯೂಟರುಗಳಲ್ಲಿ ಎಷ್ಟು ಚಾಲೂ ಇವೆ, ಗೋಡೆಯ ಮೇಲಿನ ವೇಳಾಪಟ್ಟಿಯಲ್ಲಿ ಬರೆದ ತರಗತಿ ನಿಜಕ್ಕೂ ನಡೆಯುತ್ತಿದೆಯೋ. ಕಾಲೇಜಿನ ಬಸ್ಸು ಎಷ್ಟು ಗಂಟೆಗೆ ಹೊರಡುತ್ತದೆ ಎಂದು ಕೇಳಿ. ನಾಲ್ಕು ಗಂಟೆಗೆ ಎಲ್ಲ ಬಸ್ಸೂ ಹೊರಟರೆ ಊರಾಚೆಗಿನ ಕ್ಯಾಂಪಸ್ಸಿನಲ್ಲಿ ಪ್ರಾಜೆಕ್ಟ್, ಕೋಡಿಂಗ್ ಕ್ಲಬ್, ಸಂಜೆಯ ತರಬೇತಿ ಯಾವುದೂ ನಡೆಯುವುದಿಲ್ಲ. ಗ್ರಂಥಾಲಯ ರಾತ್ರಿ ಎಷ್ಟರವರೆಗೆ ತೆರೆದಿರುತ್ತದೆ ಎಂಬುದೂ ಅಷ್ಟೇ ಮುಖ್ಯ. ಕ್ಯಾಂಟೀನಿನಲ್ಲಿ ಅಂತಿಮ ವರ್ಷದವರನ್ನು, ಅದೂ ನಿಮಗೆ ಬೇಕಾದ ಬ್ರಾಂಚಿನವರನ್ನೇ, ನಿಮ್ಮ ತರಗತಿಯಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿದೆ ಎಂದು ಕೇಳಿ. ಒಬ್ಬರನ್ನಲ್ಲ, ನಾಲ್ಕು ಮಂದಿಯನ್ನು ಬೇರೆಬೇರೆಯಾಗಿ. ಅವರು ಹೇಳುವ ಸಂಖ್ಯೆಗೂ ಕರಪತ್ರದ ಸಂಖ್ಯೆಗೂ ಇರುವ ಅಂತರವೇ ಆ ಕಾಲೇಜಿನ ಪ್ರಾಮಾಣಿಕತೆಯ ಅಳತೆ.

ಮ್ಯಾನೇಜ್‌ಮೆಂಟ್ ಸೀಟಿಗೆ ಸಾಲ ಮಾಡಲು ಹೊರಟವರು ಮಧ್ಯಾಂಕ ಸಂಬಳವನ್ನು ಸಾಲದ ಕಂತಿನ ಪಕ್ಕ ಇಟ್ಟು ನೋಡಲೇಬೇಕು. ಸರ್ಕಾರಿ ಸೀಟಿಗಿಂತ ಹೆಚ್ಚುವರಿಯಾಗಿ 10 ಲಕ್ಷ ಸಾಲ, ಬಡ್ಡಿ ಶೇ 10, ಏಳು ವರ್ಷದಲ್ಲಿ ತೀರಿಸುವುದು ಎಂದರೆ ತಿಂಗಳ ಕಂತು ಸುಮಾರು 16,600 ರೂಪಾಯಿ. ಓದುವ ನಾಲ್ಕು ವರ್ಷದ ಬಡ್ಡಿ ಅಸಲಿಗೆ ಸೇರಿದರೆ ಇನ್ನೂ ಹೆಚ್ಚು. 8 ಲಕ್ಷದ ಪ್ಯಾಕೇಜಿನಲ್ಲಿ ಕೈಗೆ ಬರುವ 41 ಸಾವಿರದಲ್ಲೇ ಇದು ದೊಡ್ಡ ಪಾಲು. 4 ಲಕ್ಷದ ಪ್ಯಾಕೇಜಿನವನು ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕೊಟ್ಟು, ಊಟ ಮಾಡಿ, ಈ ಕಂತನ್ನೂ ಕಟ್ಟುವುದು ಹೇಗೆ? ಎರಡು ಕಾಲೇಜುಗಳ ಮಧ್ಯಾಂಕ ಸಂಬಳದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲದಿದ್ದರೆ ಆ ಹತ್ತು ಲಕ್ಷ ಕೊಳ್ಳುವುದು ಕಟ್ಟಡವನ್ನು ಮತ್ತು ಹೆಸರನ್ನು ಮಾತ್ರ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ವಿನಾಯಿತಿಯ ಎಸ್‌ಎನ್‌ಕ್ಯೂ ಸೀಟುಗಳು ಸಿಇಟಿ ಮೂಲಕವೇ ಸಿಗುತ್ತವೆ ಎಂಬುದು ಹಲವರಿಗೆ ತಿಳಿದೇ ಇಲ್ಲ. ಅರ್ಜಿ ತುಂಬುವಾಗಲೇ ಅದನ್ನು ಕೋರಿರಬೇಕು, ಆದಾಯ ಪ್ರಮಾಣಪತ್ರ ಸಿದ್ಧವಿರಬೇಕು.

ಆಪ್ಷನ್ ಎಂಟ್ರಿಯಲ್ಲೇ ಕೆಲವರು ಎಡವುತ್ತಾರೆ. ಹಿಂದಿನ ವರ್ಷದ ಕಟಾಫ್ ನೋಡಿ ‘ಇದು ಹೇಗೂ ಸಿಗದು’ ಎಂದು ಬಯಸಿದ ಕಾಲೇಜನ್ನು ಪಟ್ಟಿಯಿಂದಲೇ ತೆಗೆಯುವುದು ಮೊದಲ ತಪ್ಪು. ರ್‍ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು, ಸಿಗಬಹುದಾದ ಮೊದಲ ಸೀಟನ್ನು ಕೊಡುವುದು ಅಲ್ಲಿನ ವ್ಯವಸ್ಥೆ. ಮೇಲೆ ಕಷ್ಟದ ಆಯ್ಕೆಗಳನ್ನು ಇಟ್ಟದ್ದಕ್ಕೆ ಕೆಳಗಿನವು ಕೈತಪ್ಪುವುದಿಲ್ಲ. ಎರಡನೆಯದು ಇದರ ತಿರುಗುಮುರುಗು: ಸಿಕ್ಕರೂ ಸೇರುವುದಿಲ್ಲ ಎಂಬಂಥ ಕಾಲೇಜನ್ನು ಪಟ್ಟಿ ಉದ್ದವಾಗಲಿ ಎಂದು ನಡುವೆ ಸೇರಿಸುವುದು. ಯಾವ ಸೀಟು ಸಿಗಬಹುದು ಎಂದು ಮುಂಚೆಯೇ ತೋರಿಸುವ ಅಣಕು ಹಂಚಿಕೆ ಬಂದ ಮೇಲೆ ಪಟ್ಟಿಯ ಕ್ರಮ ಬದಲಿಸಲು ಅವಕಾಶವಿದೆ, ಅದನ್ನು ಬಳಸಿಕೊಳ್ಳಿ. ಸೀಟು ಹಂಚಿಕೆಯಾದ ನಂತರ ಕೊಡುವ ನಾಲ್ಕು ಆಯ್ಕೆಗಳಲ್ಲಿ ಎರಡನೆಯದು ಸಿಕ್ಕ ಸೀಟನ್ನು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಹೋಗುವುದು, ಮೂರನೆಯದು ಅದನ್ನು ಬಿಟ್ಟು ಹೋಗುವುದು. ಎರಡನೆಯದರಲ್ಲಿ ಮೇಲಿನ ಆಯ್ಕೆ ಸಿಕ್ಕ ಕ್ಷಣ ಹಳೆಯ ಸೀಟು ತಾನಾಗಿ ರದ್ದಾಗುತ್ತದೆ, ಮತ್ತೆ ಬೇಕೆಂದರೆ ಸಿಗದು. ಆದ್ದರಿಂದ ಈಗ ಸಿಕ್ಕಿರುವುದಕ್ಕಿಂತ ನಿಜಕ್ಕೂ ಬೇಕಾದವು ಮಾತ್ರ ಅದರ ಮೇಲಿರಬೇಕು. ಶುಲ್ಕ ಮತ್ತು ದಿನಾಂಕದ ನಿಯಮಗಳನ್ನು ಆಯಾ ವರ್ಷದ ಪ್ರಾಧಿಕಾರದ ಪ್ರಕಟಣೆಯಲ್ಲೇ ಓದಬೇಕು, ಸೈಬರ್ ಸೆಂಟರಿನವರ ಮಾತು ಕೇಳಿಕೊಂಡಲ್ಲ.

ಇಷ್ಟೆಲ್ಲವನ್ನೂ ಪೋಷಕರೇ ಹುಡುಕಿ ತೆಗೆಯಲಿ ಎನ್ನುವುದು ನ್ಯಾಯವಲ್ಲ. ಹಳ್ಳಿಯಲ್ಲಿ ಕೂಲಿ ಮಾಡುವ ತಂದೆ ಎನ್‌ಐಆರ್‌ಎಫ್ ಕೋಷ್ಟಕ ಬಿಡಿಸಿ ನೋಡುವುದು ಸಾಧ್ಯವೇ? ಆದ್ದರಿಂದ ಉನ್ನತ ಶಿಕ್ಷಣ ಇಲಾಖೆ ಮತ್ತು ಪರೀಕ್ಷಾ ಪ್ರಾಧಿಕಾರಕ್ಕೆ ಒಂದು ನಿರ್ದಿಷ್ಟ ಬೇಡಿಕೆ. ಆಪ್ಷನ್ ಎಂಟ್ರಿ ಪುಟದಲ್ಲಿ ಪ್ರತಿ ಕಾಲೇಜು ಸಂಕೇತ ಮತ್ತು ಬ್ರಾಂಚಿನ ಎದುರು ಕಳೆದ ಮೂರು ಬ್ಯಾಚುಗಳ ಆರು ಅಂಕಿಗಳು ಇರಲಿ: ಸೇರಿದವರು, ಬ್ಯಾಕ್‌ಲಾಗ್ ಇಲ್ಲದೆ ನಾಲ್ಕು ವರ್ಷದಲ್ಲಿ ಮುಗಿಸಿದವರು, ಕೆಲಸಕ್ಕೆ ಸೇರಿದ ವಿದ್ಯಾರ್ಥಿಗಳು, ಉನ್ನತ ಓದಿಗೆ ಹೋದವರು, ಷೇರು ಮತ್ತು ಒಮ್ಮೆ ಮಾತ್ರ ಕೊಡುವ ಬೋನಸ್ ಬಿಟ್ಟು ಉಳಿದ ಸಂಬಳದ ಮಧ್ಯಾಂಕ, ಬೋಧಕರ ಸಂಖ್ಯೆ. ಫಲಿತಾಂಶದ ಲೆಕ್ಕ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಬಳಿಯೂ, ಸ್ವಾಯತ್ತ ಕಾಲೇಜುಗಳ ಪರೀಕ್ಷಾ ವಿಭಾಗಗಳಲ್ಲೂ ಇದೆ. ಉಳಿದದ್ದರಲ್ಲಿ ಬಹುಪಾಲು ಎನ್‌ಬಿಎ ಮತ್ತು ಎಐಸಿಟಿಇಗೆ ಕಾಲೇಜುಗಳು ಸಲ್ಲಿಸುವ ದಾಖಲೆಗಳಲ್ಲಿದೆ. ಹೊಸ ಸಮೀಕ್ಷೆ ಬೇಕಿಲ್ಲ. ಮಾಹಿತಿ ಕೊಡದ ಕಾಲೇಜಿನ ಎದುರು ‘ಮಾಹಿತಿ ಸಲ್ಲಿಸಿಲ್ಲ’ ಎಂದೇ ಕನ್ನಡದಲ್ಲಿ ಬರೆಯಲಿ. ಸಲ್ಲಿಸಿದವರ ಪೈಕಿ ಕೆಲವು ಕಾಲೇಜುಗಳ ಆಫರ್ ಪತ್ರಗಳನ್ನೂ, ಅಲ್ಲಿನ ಹಳೆಯ ವಿದ್ಯಾರ್ಥಿಗಳ ಪಿಎಫ್ ದಾಖಲೆಯನ್ನೂ ಅವರ ಒಪ್ಪಿಗೆ ಪಡೆದು ಪ್ರತಿ ವರ್ಷ ಪರಿಶೀಲಿಸಲಿ. ಮುಂದಿನ ಸಾಲಿನ ಸೀಟು ಪಟ್ಟಿ ಪ್ರಕಟವಾಗುವ ಮುನ್ನವೇ ಇದಕ್ಕೆ ಆದೇಶ ಹೊರಡಿಸಿದರೆ ಅಣಕು ಹಂಚಿಕೆಯ ಹೊತ್ತಿಗೆ ಅಂಕಿಗಳು ಮಕ್ಕಳ ಕಣ್ಣಮುಂದೆ ಇರುತ್ತವೆ.

– ಎಂಜಿನಿಯರಿಂಗ್ ಕಾಲೇಜೊಂದರ ಅಧ್ಯಾಪಕ